ಯಾವ ಪೆಟ್ಟಿಗೆ ಯಾರ ವಶಕ್ಕೆ?

ಕಿರುಗಾವಲಿನ ಗದ್ದೆಬಯಲನ್ನು ಬಲ್ಲವರಿಗೆ ನೀರಗಂಟಿಯ ಪರಿಚಯವನ್ನು ನಾವು ಮಾಡಿಕೊಡಬೇಕಾಗಿಲ್ಲ. ಯಾವ ತೂಬನ್ನು ಎಷ್ಟು ಹೊತ್ತು ಎತ್ತಬೇಕು, ಯಾವ ಗದ್ದೆಗೆ ಯಾವ ಕಾಲುವೆಯ ನೀರು ಎಂಬುದೆಲ್ಲ ಅವನ ತಲೆಯಲ್ಲಿರುವುದು. ಅವನು ಗದ್ದೆಗಳನ್ನು ಎಣಿಸಿ ಸಮನಾಗಿ ಹಂಚುವವನಲ್ಲ. ನೀರು ಹರಿಯುವ ದಾರಿಯನ್ನು ನೋಡಿ ಹಂಚುವವನು. ಇಂದಿನ ದೊಡ್ಡ ವಿದ್ಯಾಸಂಸ್ಥೆಗಳ ವೈ-ಫೈ ಜಾಲವನ್ನು ಕುರಿತು ಬರೆಯಹೊರಟಾಗ ನಮಗೆ ಅವನ ನೆನಪಾದುದು ಅಕಾರಣವಾಗಿ ಅಲ್ಲ.

ಮೈಸೂರಿನ ಮಾನಸಗಂಗೋತ್ರಿಯ ವಿಸ್ತಾರ 739 ಎಕರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು ಸುಮಾರು 400 ಎಕರೆ. ಇಂತಹ ಆವರಣಗಳಿಗೆ ಒಂದು ಎತ್ತರದ ಗೋಪುರವನ್ನು ಕಟ್ಟಿ ಆಕಾಶವಾಣಿಯಂತೆ ವೈ-ಫೈಯನ್ನು ಬಿತ್ತರಿಸಬಾರದೇಕೆ ಎಂದು ನಮ್ಮ ವಿದ್ಯಾರ್ಥಿಗಳು ಆಗಾಗ್ಗೆ ಕೇಳುವುದುಂಟು. ವೈ-ಫೈ ಅಲೆಗಳ ಉದ್ದ 2.4 ಗಿಗಾಹರ್ಟ್ಸ್‌ನಲ್ಲಿ ಸುಮಾರು 12.5 ಸೆಂಟಿಮೀಟರು, 5 ಗಿಗಾಹರ್ಟ್ಸ್‌ನಲ್ಲಿ 6 ಸೆಂಟಿಮೀಟರು. ಅವುಗಳಿಗೆ ಅನುಮತಿಸಿರುವ ಶಕ್ತಿಯೂ ಅಲ್ಪ. ಎರಡು ಮೂರು ದಪ್ಪಗೋಡೆಗಳನ್ನು ದಾಟುವಷ್ಟರಲ್ಲಿ ಅವು ಸೊರಗಿಹೋಗುವುವು. ಅಲ್ಲದೆ ಕೇಳುವ ಫೋನು ಉತ್ತರವನ್ನೂ ಕೊಡಬೇಕಷ್ಟೆ. ಅದರ ದನಿ ಗೋಪುರದವರೆಗೆ ಮುಟ್ಟುವುದಿಲ್ಲ. ಆದುದರಿಂದಲೇ ಕೆಲವು ಕೊಠಡಿಗಳಿಗೊಂದರಂತೆ, ಆಕ್ಸೆಸ್ ಪಾಯಿಂಟ್ ಎಂದು ಕರೆಯಲ್ಪಡುವ ಸಣ್ಣ ಪೆಟ್ಟಿಗೆಗಳನ್ನು ನೂರಾರು ಸಂಖ್ಯೆಯಲ್ಲಿ ಮಾಳಿಗೆಗೆ ಅಂಟಿಸಬೇಕಾಗುವುದು.

ಪೆಟ್ಟಿಗೆಗಳು ನೂರಾರಾದ ಮೇಲೆ ಅವುಗಳಿಗೆ ಒಬ್ಬ ಯಜಮಾನ ಬೇಕು. ಈ ಯಜಮಾನನಿಗೆ ಕಂಟ್ರೋಲರ್ ಎಂದು ಹೆಸರು; ನಾವು ನಿಯಂತ್ರಕವೆನ್ನೋಣ. ಯಾವ ಪೆಟ್ಟಿಗೆ ಯಾವ ಚಾನೆಲಿನಲ್ಲಿ ಎಷ್ಟು ಶಕ್ತಿಯಿಂದ ನುಡಿಯಬೇಕು, ಒಳಬಂದ ವಿದ್ಯಾರ್ಥಿ ಯಾರು, ಅವನ ಗುಪ್ತಕೀಲಿ ಯಾವುದು ಎಂಬ ಲೆಕ್ಕವೆಲ್ಲ ಅದರ ಬಳಿ ಇರುವುದು. ಪೆಟ್ಟಿಗೆಗೂ ನಿಯಂತ್ರಕಕ್ಕೂ ನಡೆಯುವ ಸಂಭಾಷಣೆಗೆ ಕ್ಯಾಪ್‌ವ್ಯಾಪ್ ಎಂಬ ನಿಯಮಾವಳಿ 2009ರಲ್ಲಿ ಪ್ರಕಟವಾಯಿತು. ದೊಡ್ಡ ಆವರಣಕ್ಕೆ ಒಂದು ನಿಯಂತ್ರಕ ಸಾಲದೆ ಮೂರೋ ನಾಲ್ಕೋ ಇದ್ದಾಗ ನಮ್ಮ ಪ್ರಶ್ನೆ ಏಳುವುದು: ಯಾವ ಪೆಟ್ಟಿಗೆ ಯಾವ ನಿಯಂತ್ರಕದ ವಶದಲ್ಲಿರಬೇಕು?

ಯಾರೂ ಏನೂ ಹೇಳದಿದ್ದರೆ ಪೆಟ್ಟಿಗೆಯು ತಾನೇ ತೀರ್ಮಾನಿಸಿಕೊಳ್ಳುವುದು. ವಿದ್ಯುತ್ತು ಬಂದೊಡನೆ ಅದು ನಿಯಂತ್ರಕಗಳನ್ನೆಲ್ಲ ಕೂಗಿ, ಉತ್ತರ ಕೊಟ್ಟವುಗಳಲ್ಲಿ ಹೊರೆ ಕಡಿಮೆಯಿರುವುದನ್ನು ಸೇರುವುದು ವಾಡಿಕೆ. ಕೇಳುವುದಕ್ಕೆ ಇದು ಬಹಳ ನ್ಯಾಯವಾಗಿದೆ. ನಮಗೆ ಪರಿಚಿತವಾದ ಒಂದು ಕಾಲೇಜಿನಲ್ಲಿ ಹೀಗೆಯೇ ಬಿಟ್ಟಿದ್ದರು. ಪ್ರತಿ ನಿಯಂತ್ರಕಕ್ಕೂ ಸರಿಸಮನಾಗಿ ಪೆಟ್ಟಿಗೆಗಳು ಹಂಚಿಹೋಗಿವೆಯೆಂದು ಅಲ್ಲಿನವರು ಹೆಮ್ಮೆಪಡುತ್ತಿದ್ದರು. ಆದರೆ ಗ್ರಂಥಾಲಯದ ಒಂದೇ ಪಡಸಾಲೆಯಲ್ಲಿ ಅಕ್ಕಪಕ್ಕದ ಪೆಟ್ಟಿಗೆಗಳು ಬೇರೆ ಬೇರೆ ಯಜಮಾನರ ಆಳುಗಳಾಗಿದ್ದುವು. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ. ಮಳವಳ್ಳಿ ಕಡೆಯ ಹಳ್ಳಿಯೊಂದರ ಹುಡುಗಿ ಫೋನಿನಲ್ಲಿಯೇ ಅರ್ಜಿ ತುಂಬುತ್ತ ಗ್ರಂಥಾಲಯದಿಂದ ಹಾಸ್ಟೆಲಿಗೆ ನಡೆದಳು. ದಾರಿಯಲ್ಲಿ ಮೂರು ಸಲ ಹೆಸರು, ಗುಪ್ತಪದಗಳನ್ನು ಹೊಸದಾಗಿ ಕೊಡಬೇಕಾಯಿತು. ಮೂರು ಸಲವೂ ತುಂಬಿದ ಅರ್ಜಿ ಅಳಿಸಿಹೋಯಿತು. ಮನೆಯಲ್ಲಿ ಬೇರೆ ಸಂಪರ್ಕವಿರುವವರಿಗೆ ಇದು ಕೇವಲ ಕಿರಿಕಿರಿ. ಕಾಲೇಜಿನ ವೈ-ಫೈಯೊಂದನ್ನೇ ನಂಬಿದವಳಿಗೆ ಅದು ಒಂದು ವರ್ಷದ ಫೀಜಿನ ಮಾತು.

ಕಾರಣ ಇಷ್ಟೆ. ಒಂದೇ ನಿಯಂತ್ರಕದ ಎರಡು ಪೆಟ್ಟಿಗೆಗಳ ನಡುವೆ ಫೋನು ಚಲಿಸಿದರೆ ಅದರ ಲೆಕ್ಕ ಒಂದೇ ಪುಸ್ತಕದಲ್ಲಿ ಉಳಿಯುವುದು. ಬೇರೆ ನಿಯಂತ್ರಕಕ್ಕೆ ಹೋದರೆ ಲೆಕ್ಕವನ್ನು ಒಂದು ಪುಸ್ತಕದಿಂದ ಇನ್ನೊಂದಕ್ಕೆ ವರ್ಗಾಯಿಸಬೇಕು. ನಿಯಂತ್ರಕಗಳಿಗೆ ಪರಸ್ಪರ ಪರಿಚಯ ಮಾಡಿಕೊಟ್ಟಿದ್ದರೆ ವರ್ಗಾವಣೆ ನಡೆದೀತು. ಇಲ್ಲವಾದರೆ ಫೋನು ಹೊಸ ಅತಿಥಿಯಂತೆ ಬಾಗಿಲು ತಟ್ಟಬೇಕು. ಆದುದರಿಂದ ಹಂಚಿಕೆಗೆ ಆಧಾರವಾಗಬೇಕಾದುದು ಪೆಟ್ಟಿಗೆಗಳ ಎಣಿಕೆಯಲ್ಲ, ಜನರ ಕಾಲುದಾರಿ ಎಂಬುದೇ ನಮ್ಮ ಅಭಿಪ್ರಾಯ. ಗ್ರಂಥಾಲಯ, ಅದರಿಂದ ಹಾಸ್ಟೆಲಿಗೆ ಹೋಗುವ ಹಾದಿ, ಹಾಸ್ಟೆಲು, ಇವು ಒಂದು ನಿಯಂತ್ರಕದಲ್ಲಿರಲಿ. ಒಂದರಲ್ಲಿ ಹೊರೆ ಸ್ವಲ್ಪ ಹೆಚ್ಚಾದರೂ ಆಗಲಿ. ಒಂದು ಶತಮಾನಕ್ಕೂ ಹಿಂದೆ, ಮುಂಬಯಿ ಪ್ರಾಂತದ ಸೇವೆಯಲ್ಲಿದ್ದಾಗ, ಸರ್ ಎಂ. ವಿಶ್ವೇಶ್ವರಯ್ಯನವರು ನಾಲೆಗಳ ಕೆಳಗಿನ ಜಮೀನುಗಳನ್ನು ಬ್ಲಾಕುಗಳಾಗಿ ಕೂಡಿಸಿ ನೀರು ಕೊಡುವ ಪದ್ಧತಿಯನ್ನು ತಂದರಷ್ಟೆ. ನಾವು ಹೇಳುತ್ತಿರುವುದೂ ಅದೇ ಜಾತಿಯ ಮಾತು.

ಇದಕ್ಕೆ ಬಲವಾದ ಆಕ್ಷೇಪಣೆಯೊಂದಿದೆ. ಒಂದು ಕಟ್ಟಡವನ್ನೆಲ್ಲ ಒಂದೇ ನಿಯಂತ್ರಕಕ್ಕೆ ಕಟ್ಟಿದರೆ, ಅದು ಕೆಟ್ಟ ದಿನ ಕಟ್ಟಡವೆಲ್ಲ ಕತ್ತಲೆ. ಎಳ್ಳು ಬೆಲ್ಲ ಬೆರೆಸಿದಂತೆ ಪೆಟ್ಟಿಗೆಗಳನ್ನು ಬೆರೆಸಿದ್ದರೆ ಅರ್ಧದಷ್ಟಾದರೂ ಉರಿಯುತ್ತಿರುವುವು. ಆಕ್ಷೇಪಣೆ ಸುಳ್ಳಲ್ಲ. ಆದರೆ ನಿಯಂತ್ರಕ ಕೆಡುವುದು ಅಪರೂಪ. ವಿದ್ಯಾರ್ಥಿಗಳು ನಡೆಯುವುದು ಪ್ರತಿದಿನ. ಬೆರಕೆಯ ಪರವಾಗಿ ನಾವು ಒಪ್ಪುವ ಸ್ಥಳ ಒಂದುಂಟು. ಆನ್‌ಲೈನ್ ಪರೀಕ್ಷೆ ನಡೆಯುವ ದೊಡ್ಡ ಹಜಾರದಲ್ಲಿ ಜನ ಮೂರು ಗಂಟೆ ಕುಳಿತೇ ಇರುವರು. ಪೆಟ್ಟಿಗೆಗಳೂ ಒತ್ತೊತ್ತಾಗಿರುವುದರಿಂದ ಒಂದು ಸತ್ತರೆ ಪಕ್ಕದ್ದು ಕೈಕೊಡುವುದು. ಅಲ್ಲಿ ಬೆರೆಸಬಹುದು. ನಮ್ಮ ತಂತ್ರಜ್ಞ ಮಿತ್ರರಲ್ಲಿ ಕೆಲವರು ಇದನ್ನೂ ಒಪ್ಪುವುದಿಲ್ಲ. ಅವರೊಡನೆ ನಮ್ಮ ವಾದ ಇನ್ನೂ ಮುಗಿದಿಲ್ಲ.

ನಿಯಂತ್ರಕ ಕೆಟ್ಟಾಗ ಏನು ಮಾಡಬೇಕೆಂಬುದನ್ನು ಕೆಡುವ ಮೊದಲೇ ಬರೆದಿಡಬೇಕು. ಪ್ರತಿ ಪೆಟ್ಟಿಗೆಗೂ ಮೊದಲನೆಯ, ಎರಡನೆಯ ಯಜಮಾನರ ಹೆಸರನ್ನು ಹೇಳಿಕೊಡುವ ಸೌಕರ್ಯ ಈ ಉಪಕರಣಗಳಲ್ಲಿದೆ, ಉಪಯೋಗಿಸುವವರು ಕಡಿಮೆ. ಲೆಕ್ಕವೂ ಸುಲಭ. ಮೂರು ನಿಯಂತ್ರಕಗಳು, 300 ಪೆಟ್ಟಿಗೆಗಳು ಎಂದಿಟ್ಟುಕೊಳ್ಳಿ. ಒಂದೊಂದರ ಸಾಮರ್ಥ್ಯವೂ ನೂರೇ ಆದರೆ, ಒಂದು ಬಿದ್ದಾಗ ನೂರು ಪೆಟ್ಟಿಗೆಗಳು ಅನಾಥ. ಸಾಮರ್ಥ್ಯ ನೂರೈವತ್ತಾಗಿದ್ದರೆ ಉಳಿದೆರಡು ಅವನ್ನು ಹಂಚಿಕೊಳ್ಳುವುವು. ಕೊಳ್ಳುವಾಗ ಈ ಐವತ್ತು ದುಂದುವೆಚ್ಚವಾಗಿ ಕಾಣುವುದರಿಂದ ಮಂಜೂರಾತಿಯಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ. ಇನ್ನೊಂದು ಎಚ್ಚರ: ನಿಯಂತ್ರಕಗಳ ತಂತ್ರಾಂಶ ಒಂದೇ ಆವೃತ್ತಿಯದಾಗಿರಬೇಕು. ಇಲ್ಲದಿದ್ದರೆ ವಲಸೆ ಹೋದ ಪೆಟ್ಟಿಗೆ ಅಲ್ಲಿನ ತಂತ್ರಾಂಶವನ್ನು ಇಳಿಸಿಕೊಂಡು ಮತ್ತೆ ಹುಟ್ಟುವುದು, ಮರಳಿ ಬಂದಾಗ ಇನ್ನೊಮ್ಮೆ ಹುಟ್ಟುವುದು. ಇತ್ತೀಚೆಗೆ ನಿಯಂತ್ರಕವನ್ನು ದೂರದ ಕ್ಲೌಡ್‌ನಲ್ಲಿಡುವ ಕ್ರಮವೂ ಬಂದಿದೆ. ಅದರ ಗುಣದೋಷಗಳೇ ಬೇರೆ.

ಮೇಲೆ ಹೇಳಿದ ಕಾಲೇಜಿನಲ್ಲಿ ಹಂಚಿಕೆಯನ್ನು ಆಮೇಲೆ ತಿದ್ದಿದರು. ಬೇಸಿಗೆ ರಜದ ಒಂದು ಬೆಳಿಗ್ಗೆ, ಆವರಣ ಬರಿದಾಗಿದ್ದಾಗ, ಒಂದು ನಿಯಂತ್ರಕವನ್ನು ಬೇಕೆಂದೇ ಆರಿಸಿ ನೋಡಿದರು, ನಾವೂ ಜೊತೆಗಿದ್ದೆವು. ಪೆಟ್ಟಿಗೆಗಳು ತಮ್ಮ ಯಜಮಾನನನ್ನು ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಮಾತನಾಡಿಸುವುವು. ಉತ್ತರ ಬಾರದೆ ಒಂದೊಂದಾಗಿ ದೀಪಗಳು ಮಂಕಾಗಿ, ಕೆಲವು ನಿಮಿಷಗಳಲ್ಲಿ ಮತ್ತೆ ಹೊತ್ತಿಕೊಂಡುವು. ಹೊತ್ತಿಕೊಳ್ಳದೆ ಉಳಿದುದು ಹಾಸ್ಟೆಲಿನ ಕೊನೆಯ ಮೂಲೆಯದು. ಪಟ್ಟಿಯನ್ನು ತೆರೆದು ನೋಡಿದರೆ, ಅದರ ಮುಂದೆ ಎರಡನೆಯ ಹೆಸರನ್ನು ಬರೆಯುವುದೇ ಮರೆತುಹೋಗಿತ್ತು.