ಸೇಬಿನ ಗಿಡ ಬಂತು, ಬೆಲೆ ಎಲ್ಲಿದೆ?



ಬಯಲುಸೀಮೆಯಲ್ಲೂ ಸೇಬು ಬೆಳೆಯಬಹುದು ಎಂಬ ಮಾತು ಈಗ ಸಂತೆಯಲ್ಲಿ, ಸೊಸೈಟಿ ಕಟ್ಟೆಯ ಮೇಲೆ ಎಲ್ಲೆಲ್ಲೂ ಕೇಳಿಬರುತ್ತಿದೆ. ‘ಅನ್ನಾ’ ಎಂಬ ತಳಿಯ ಸಸಿ ಹಿಡಿದು ಮಾರುವವರು ಊರೂರು ತಿರುಗುತ್ತಿದ್ದಾರೆ. ಸಸಿಗೆ ದುಡ್ಡು ಕೊಡುವ ಮುಂಚೆ ನಾವು ನಾಲ್ಕು ಮಾತು ಆಡಿಕೊಳ್ಳಬೇಕು.

ತಳಿ ಸುಳ್ಳಲ್ಲ. ಇಸ್ರೇಲಿನ ಐನ್ ಶೆಮರ್ ಎಂಬ ಸಾಮೂಹಿಕ ಬೇಸಾಯದ ಊರಿನಲ್ಲಿ ಅಬ್ಬಾ ಸ್ಟೈನ್ ಎಂಬುವರು ರೆಡ್ ಹಡಸ್ಸಿಯಾ ಮತ್ತು ಗೋಲ್ಡನ್ ಡೆಲಿಷಸ್ ಕೂಡಿಸಿ ಪಡೆದ ಸಂಕರ ಇದು. ಕಾಶ್ಮೀರದ ಡೆಲಿಷಸ್ ಸೇಬಿಗೆ 7 ಡಿಗ್ರಿಗಿಂತ ಕೆಳಗಿನ ಚಳಿ ಸುಮಾರು 1000 ಗಂಟೆ ಬೇಕು. ಇಲ್ಲದಿದ್ದರೆ ಮೊಗ್ಗಿಗೆ ನಿದ್ದೆಯೇ ಬಿಡುವುದಿಲ್ಲ. ಅನ್ನಾಗೆ 200–300 ಗಂಟೆ ಸಾಕು. ಆದರೆ ನಮ್ಮ ಬಯಲಲ್ಲಿ ಅಷ್ಟು ಚಳಿಯಾದರೂ ಎಲ್ಲಿದೆ? ಅದಕ್ಕೇ ನೀರು ಬಿಗಿಹಿಡಿದು, ಎಲೆ ಉದುರಿಸಿ, ಕೊಂಬೆ ಸವರಿ ಗಿಡವನ್ನು ಎಬ್ಬಿಸಬೇಕು. ಜಾವಾ ದ್ವೀಪದ ಮಲಾಂಗ್ ಸೀಮೆಯ ರೈತರು ಕೈಯಿಂದಲೇ ಎಲೆ ಕಿತ್ತು ಸೇಬು ಬೆಳೆಯುತ್ತಾರೆ. ಬೆಳೆಯಬಹುದು ಸರಿ, ಎಲೆ ಕೀಳುವ ಕೂಲಿ ಯಾರ ಲೆಕ್ಕಕ್ಕೆ?

ಇನ್ನೊಂದು. ಅನ್ನಾ ಒಂದನ್ನೇ ನೆಟ್ಟರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಅದೇ ಹೊತ್ತಿಗೆ ಹೂ ಬಿಡುವ ಡಾರ್ಸೆಟ್ ಗೋಲ್ಡನ್ ನಡುನಡುವೆ ಇರಬೇಕು, ಜೇನುನೊಣವೂ ಬೇಕು. ಸಸಿ ಮಾರುವವನು ಇದನ್ನು ಹೇಳಿದನೇ, ಕೇಳಿ ನೋಡಿ.

ಬೇಗ ಹಣ್ಣಾಗುವುದು ಈ ತಳಿಯ ಬಲ. ಉತ್ತರದ ಬಯಲಿನಲ್ಲಿ ಜೂನ್ ಮೊದಲಲ್ಲೇ, ಬೆಟ್ಟದ ಹೊಸ ಹಣ್ಣು ಇಳಿಯುವ ಮುಂಚೆ, ಕೊಯ್ಲಿಗೆ ಬರುತ್ತದೆ. ಬಾಳಿಕೆ ಇಲ್ಲದ್ದು ಅದರ ದೋಷ. ಕಿತ್ತ ಹಣ್ಣು ಹೊರಗಿಟ್ಟರೆ ವಾರ ತಡೆಯುವುದೇ ಹೆಚ್ಚು. ಕಾಶ್ಮೀರದ ಹಣ್ಣು ಶೀತಲಗೃಹದಲ್ಲಿ ತಿಂಗಳುಗಟ್ಟಲೆ ಕೂತು ಬೆಲೆ ಕಾಯುತ್ತದೆ, ಅನ್ನಾ ಕಾಯಲಾರದು. ಕಾಯಲಾರದ ಮಾಲಿಗೆ ದಲ್ಲಾಳಿ ಹೇಳಿದ್ದೇ ಬೆಲೆ. ಟೊಮೇಟೊ ಬೆಳೆದ ಕೋಲಾರದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಕಾಯುವ ಹಣ್ಣು ಬೆಳೆದ ಹಿಮಾಚಲ, ಕಾಶ್ಮೀರದವರೇ ಅಗ್ಗದ ವಿದೇಶಿ ಸೇಬಿನಿಂದ ಕೆಟ್ಟೆವು ಎಂದು ಕೂಗಿದರು. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಕಿಲೋಗೆ 50 ರೂಪಾಯಿ ಮೀರದ ಸೇಬಿನ ಆಮದನ್ನು, ಭೂತಾನಿನದು ಬಿಟ್ಟು, ತಡೆಯಿತು. ಅದೇ ಸೆಪ್ಟೆಂಬರಿನಲ್ಲಿ ಅಮೆರಿಕದ ಸೇಬಿನ ಮೇಲಿದ್ದ ಶೇ. 20ರ ಹೆಚ್ಚುವರಿ ಸುಂಕ ತೆಗೆಯಿತು! ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ತುಕೊಳ್ಳುವುದೆಂದರೆ ಇದೇ.

ವೆನಿಲಾ ನೆನಪಿದೆಯಲ್ಲ? 2003ರ ಸುಮಾರಿಗೆ ಹಸಿ ಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿ ಇತ್ತು. ಕೆಲವೇ ವರ್ಷದಲ್ಲಿ ಬೆಲೆ ನೆಲಕಚ್ಚಿತು. ಬಳ್ಳಿ ಮಾರಿದವರು ಗೆದ್ದರು, ಬಳ್ಳಿ ನೆಟ್ಟವರು ಸಾಲ ಹೊತ್ತರು.

ಹೊಸ ಬೆಳೆ ಬೇಡ ಅಂತ ನಾವು ಹೇಳುತ್ತಿಲ್ಲ. ಆಸೆಯಿದ್ದವರು ಬದುವಿನ ಮೇಲೆ ಎರಡೂ ತಳಿಯ ಹತ್ತು ಗಿಡ ಹಾಕಿ, ಮೂರು ವರ್ಷ ಕಾದು, ಬಂದ ಹಣ್ಣನ್ನು ಮಾರಿ ನೋಡಲಿ. ಸಾಲ ತೆಗೆದು ಎಕರೆಗಟ್ಟಲೆ ನೆಡುವುದು ಮಾತ್ರ ಬೇಡ. ಎಕರೆಗಟ್ಟಲೆ ನೆಡಿ ಎನ್ನುವ ಇಲಾಖೆ, ಸಾಲ ಕೊಡುತ್ತೇವೆ ಎನ್ನುವ ಬ್ಯಾಂಕು, ಖರ್ಚಿನ ಮೇಲೆ ಲಾಭ ಸೇರಿಸಿದ ಬೆಲೆಯನ್ನೂ ಕೊಳ್ಳುವವರನ್ನೂ ಕಾಗದದ ಮೇಲೆ ತೋರಿಸಲಿ. ಸಸಿಗೆ ಖಾತರಿ ಕೊಡುವವರು ಬೆಲೆಗೂ ಖಾತರಿ ಕೊಡಲಿ. ಅಲ್ಲಿಯವರೆಗೆ ಪಹಣಿಯನ್ನು ಪೆಟ್ಟಿಗೆಯಲ್ಲೇ ಭದ್ರವಾಗಿಡಿ.