ಟೋನಿ ಕಾರ್ ಸೋತವರಲ್ಲ



"ಆಡಲಿಕ್ಕೆ ಆಗದವರು ಕೋಚ್ ಆಗುತ್ತಾರೆ." ನಮ್ಮ ಯುವಕೂಟದಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪ್ರೀಮಿಯರ್ ಲೀಗ್ ನೋಡುತ್ತಾ ಯಾರೋ ಒಬ್ಬರು ಹೇಳುತ್ತಾರೆ, ಉಳಿದವರು ನಗುತ್ತಾರೆ, ಅಲ್ಲಿಗೆ ವಿಷಯ ಮುಗಿಯಿತು. ನನ್ನ ತಕರಾರು ಇರುವುದು ಈ ನಗುವಿನ ಮೇಲೆಯೇ. ಈ ಮಾತು ತಪ್ಪು ಮಾತ್ರವಲ್ಲ, ಹಾನಿ ಮಾಡುವಂಥದ್ದು. ಯಾಕೆ ಎನ್ನುವುದಕ್ಕೆ ಒಬ್ಬರ ಬದುಕನ್ನೇ ಮುಂದಿಡುತ್ತೇನೆ.

ಅವರ ಹೆಸರು ಟೋನಿ ಕಾರ್. (ಹೆಸರಿಗೆ ನಗಬೇಡಿ, ನಮ್ಮ ಹೆಸರುಗಳೂ ಅವರಿಗೆ ಹಾಗೆಯೇ ಕೇಳಿಸುತ್ತವೆ.) 1950ರಲ್ಲಿ ಪೂರ್ವ ಲಂಡನ್ನಿನ ಬೋ ಎಂಬಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗಲೇ ವೆಸ್ಟ್ ಹ್ಯಾಮ್ ಯುನೈಟೆಡ್ ಸೇರಿದರು, ಮುಂಚೂಣಿ ಆಟಗಾರನಾಗಿ. ಬಾಬಿ ಮೂರ್, ಜೆಫ್ ಹರ್ಸ್ಟ್, ಮಾರ್ಟಿನ್ ಪೀಟರ್ಸ್ ಎಂಬ ಮೂವರು 1966ರಲ್ಲಿ ಇಂಗ್ಲೆಂಡಿಗೆ ವಿಶ್ವಕಪ್ ತಂದುಕೊಟ್ಟ ಕಾಲ ಅದು. ಮೂವರೂ ವೆಸ್ಟ್ ಹ್ಯಾಮ್‌ನವರೇ. ಅಂಥ ಕ್ಲಬ್ಬಿನಲ್ಲಿ ಹರ್ಸ್ಟ್ ಇರುವ ಜಾಗಕ್ಕೆ ಇನ್ನೊಬ್ಬ ಸ್ಟ್ರೈಕರ್ ಬರುವುದು ಸುಲಭವೇ? ಕಾರ್ ಮೊದಲ ತಂಡಕ್ಕೆ ಒಂದು ಪಂದ್ಯವನ್ನೂ ಆಡಲಿಲ್ಲ. ಅಲ್ಲಿಂದ ಬಾರ್ನೆಟ್‌ಗೆ ಹೋದರು. ಆಗ ಬಾರ್ನೆಟ್ ಫುಟ್ಬಾಲ್ ಲೀಗಿನಲ್ಲೇ ಇರಲಿಲ್ಲ, ಅದರ ಕೆಳಗಿನ ಸದರ್ನ್ ಲೀಗಿನಲ್ಲಿ ಆಡುತ್ತಿತ್ತು. ಅಲ್ಲಿ ಗಾಯವಾಯಿತು, ಆಟ ನಿಂತಿತು. ಸ್ಟ್ರೈಕರ್ ಕಾರ್ ಅವರ ಕಥೆ ಇಷ್ಟೇ. ವಿಕಿಪೀಡಿಯಾದಲ್ಲಿ ನಾಲ್ಕು ಸಾಲು.

1973ರಲ್ಲಿ, ಇನ್ನೂ ಇಪ್ಪತ್ತಮೂರು ತುಂಬುವ ಸುಮಾರಿಗೆ, ಅವರು ವೆಸ್ಟ್ ಹ್ಯಾಮ್‌ಗೆ ಹಿಂದಿರುಗಿದರು. ಈ ಸಲ ಹುಡುಗರಿಗೆ ಕಲಿಸಲು, ಅದೂ ಮೊದಲಿಗೆ ಅರೆಕಾಲಿಕವಾಗಿ. ಇಪ್ಪತ್ತಮೂರು ಅಂದರೆ ನಮ್ಮಲ್ಲಿ ಹಲವರ ವಯಸ್ಸು. ಆ ವಯಸ್ಸಿನಲ್ಲಿ ನಮಗೆ ನಾವೇ ಹೀರೋ. ಇವರು ಹನ್ನೆರಡು ಹದಿಮೂರರ ಹುಡುಗರ ಮುಂದೆ ಕೋನ್ ಜೋಡಿಸಿ ನಿಂತರು. ಮುಂದೆ ಅದೇ ಪೂರ್ಣಕಾಲದ ಕೆಲಸವಾಯಿತು, ಅಕಾಡೆಮಿಯ ನಿರ್ದೇಶಕರೂ ಆದರು. 2014ರಲ್ಲಿ ಆ ಹುದ್ದೆಯಿಂದ ಇಳಿದರು, 2016ರಲ್ಲಿ ಕ್ಲಬ್ ಬಿಟ್ಟರು. ಒಟ್ಟು ನಲವತ್ತಮೂರು ವರ್ಷ.

ಇವರು "ಸೋತ ಸ್ಟ್ರೈಕರ್" ಅನ್ನುವವರಿಗೆ ಒಂದು ರಾತ್ರಿಯ ಕಥೆ ಹೇಳುತ್ತೇನೆ. 2008ರ ಮೇ 21, ಮಾಸ್ಕೋ. ಚಾಂಪಿಯನ್ಸ್ ಲೀಗ್ ಫೈನಲ್, ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ಚೆಲ್ಸಿ. ನಮ್ಮಲ್ಲಿ ಜಾನ್ ಟೆರಿ ಜಾರಿಬಿದ್ದ ಪೆನಾಲ್ಟಿ ನೆನಪಿಲ್ಲದವರು ಯಾರು? ಈಗ ಆ ದಿನದ ಹನ್ನೊಂದು ಹನ್ನೊಂದು ಹೆಸರುಗಳನ್ನು ತೆಗೆದು ನೋಡಿ. ಯುನೈಟೆಡ್ ಕಡೆ ನಾಯಕ ರಿಯೋ ಫರ್ಡಿನಾಂಡ್, ನಡುವೆ ಮೈಕಲ್ ಕ್ಯಾರಿಕ್. ಚೆಲ್ಸಿ ಕಡೆ ಫ್ರ್ಯಾಂಕ್ ಲ್ಯಾಂಪಾರ್ಡ್ ಮತ್ತು ಜೋ ಕೋಲ್. ನಾಲ್ವರೂ ವೆಸ್ಟ್ ಹ್ಯಾಮ್ ಯುವತಂಡದಲ್ಲಿ ಕಾರ್ ಅವರ ಕೈಕೆಳಗೆ ಬೆಳೆದವರು. ಚೆಲ್ಸಿಗೆ ಸಮಬಲದ ಗೋಲು ಹೊಡೆದದ್ದು ಲ್ಯಾಂಪಾರ್ಡ್. ಕಪ್ ಎತ್ತಿದ್ದು ಫರ್ಡಿನಾಂಡ್. ಅಷ್ಟೇಕೆ, ಜಾರಿಬಿದ್ದ ಟೆರಿಯೂ ಹದಿನಾಲ್ಕರವರೆಗೆ ವೆಸ್ಟ್ ಹ್ಯಾಮ್ ಹುಡುಗನೇ. ಆ ವರ್ಷ ವೆಸ್ಟ್ ಹ್ಯಾಮ್ ಲೀಗಿನಲ್ಲಿ ಹತ್ತನೆಯ ಸ್ಥಾನದಲ್ಲಿತ್ತು. ಯುರೋಪಿನ ಅತಿ ದೊಡ್ಡ ಪಂದ್ಯವನ್ನು ಆಡುತ್ತಿದ್ದವರು ಅವರ ಅಂಗಳದ ಮಕ್ಕಳು, ಕ್ಲಬ್ ಮಾತ್ರ ಮನೆಯಲ್ಲಿ ಕುಳಿತು ಟಿವಿ ನೋಡುತ್ತಿತ್ತು.

ಒಬ್ಬ ಸ್ಟ್ರೈಕರ್ ಜೀವಮಾನದಲ್ಲಿ ಇನ್ನೂರು ಗೋಲು ಹೊಡೆದರೆ ನಾವು ಅಬ್ಬಾ ಅನ್ನುತ್ತೇವೆ. ಲ್ಯಾಂಪಾರ್ಡ್ ಒಬ್ಬನೇ ಚೆಲ್ಸಿಗೆ 211 ಹೊಡೆದ, ಅದೂ ಮಧ್ಯಮೈದಾನದಿಂದ. ಅದರಲ್ಲಿ ಕಾರ್ ಅವರ ಪಾಲು ಎಷ್ಟು? ಅಳೆಯಲು ಆಗುವುದಿಲ್ಲ ಎಂಬುದೇ ನಮ್ಮ ತೊಂದರೆ. ಅಳೆಯಲಾಗದ್ದನ್ನು ನಾವು ಸೊನ್ನೆ ಎಂದು ಬರೆದುಬಿಡುತ್ತೇವೆ. ವಿಜ್ಞಾನ ಓದಿದವನಾಗಿ ಹೇಳುತ್ತೇನೆ, ಇದು ಲೆಕ್ಕದ ದೊಡ್ಡ ತಪ್ಪು.

"ಅವರು ಹುಟ್ಟುಪ್ರತಿಭೆಗಳು, ಯಾರು ಕಲಿಸಿದರೂ ಬರುತ್ತಿದ್ದರು" ಎಂದು ಒಬ್ಬ ಗೆಳೆಯ ವಾದಿಸಿದ. ಹಾಗೋ? ಲ್ಯಾಂಪಾರ್ಡ್ ವಿಷಯವನ್ನೇ ತೆಗೆದುಕೊಳ್ಳಿ. ಅವನ ಅಪ್ಪ ಕ್ಲಬ್ಬಿನಲ್ಲಿ ಸಹಾಯಕ ಮ್ಯಾನೇಜರ್, ಮ್ಯಾನೇಜರ್ ಹ್ಯಾರಿ ರೆಡ್‌ನ್ಯಾಪ್ ಚಿಕ್ಕಮ್ಮನ ಗಂಡ. 1996ರಲ್ಲಿ ಅಭಿಮಾನಿಗಳ ಸಭೆಯಲ್ಲಿ ಒಬ್ಬರು ಎದ್ದು ನಿಂತು, ಈ ಹುಡುಗ ಅಷ್ಟಕ್ಕಷ್ಟೇ, ಸಂಬಂಧದ ಬಲದಿಂದ ಬಂದಿದ್ದಾನೆ ಎಂಬರ್ಥದಲ್ಲಿ ಕೇಳಿಯೇಬಿಟ್ಟರು. ಹುಡುಗ ಅದೇ ವೇದಿಕೆಯಲ್ಲಿ ಕುಳಿತಿದ್ದ! ಇವನು ಅತ್ಯುನ್ನತ ಮಟ್ಟಕ್ಕೆ ಹೋಗುತ್ತಾನೆ ಎಂದು ರೆಡ್‌ನ್ಯಾಪ್ ಎಲ್ಲರೆದುರು ಹೇಳಿದರು. ಅಂದರೆ ಹೊರಗಿನಿಂದ ನೋಡಿದವರಿಗೆ ಆ "ಹುಟ್ಟುಪ್ರತಿಭೆ" ಕಾಣಲೇ ಇಲ್ಲ. ದಿನವೂ ಮೈದಾನದಲ್ಲಿ ನೋಡುತ್ತಿದ್ದವರಿಗೆ ಕಂಡಿತ್ತು.

ಫರ್ಡಿನಾಂಡ್ ಹುಡುಗನಾಗಿ ಡಿಫೆಂಡರ್ ಆಗಿರಲಿಲ್ಲ, ಮಧ್ಯಮೈದಾನದಲ್ಲಿ ಮುನ್ನುಗ್ಗಿ ಆಡುವವನು. ವೆಸ್ಟ್ ಹ್ಯಾಮ್‌ನಲ್ಲಿ ಅವನನ್ನು ಹಿಂದಕ್ಕೆ ತಂದು ನಿಲ್ಲಿಸಿದರು. ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಹೊರಡುವ ಸೆಂಟರ್ ಬ್ಯಾಕ್ ಹುಟ್ಟಿದ್ದು ಹಾಗೆ. ಕ್ಯಾರಿಕ್ ಲಂಡನ್ನಿನವನೇ ಅಲ್ಲ. ಈಶಾನ್ಯ ಇಂಗ್ಲೆಂಡಿನ ವಾಲ್ಸೆಂಡ್‌ನವನು. ಅಲನ್ ಶಿಯರರ್ ಬಂದ ಅದೇ ವಾಲ್ಸೆಂಡ್ ಬಾಯ್ಸ್ ಕ್ಲಬ್‌ನಿಂದ ಬಂದವನು. ಚಿಕ್ಕಂದಿನಲ್ಲಿ ಸ್ಟ್ರೈಕರ್ ಆಗಿದ್ದ. ಹದಿಹರೆಯದಲ್ಲಿ ಒಮ್ಮೆಲೇ ಎತ್ತರ ಬೆಳೆದು ಮೈ ಹತೋಟಿಗೆ ಸಿಗದ ಕಾಲವೊಂದಿತ್ತು. ಅಂಥ ಹುಡುಗನನ್ನು "ಇವನಿಂದ ಆಗದು" ಎಂದು ಮನೆಗೆ ಕಳಿಸಲು ಒಂದು ನಿಮಿಷ ಸಾಕು. ಕಾಯಲು ಎರಡು ಮೂರು ವರ್ಷ ಬೇಕು. ಆ ಎರಡು ಮೂರು ವರ್ಷವೇ ಯುವ ಕೋಚ್‌ನ ಕಸುಬು. ಟ್ಯಾಕ್ಟಿಕ್ಸ್ ಬೋರ್ಡು, ಟೈ ಕಟ್ಟಿಕೊಂಡು ಕ್ಯಾಮೆರಾ ಮುಂದೆ ನಿಲ್ಲುವುದು, ಅವೆಲ್ಲ ಬೇರೆಯವರ ಕೆಲಸ.

1999ರ ಎಫ್‌ಎ ಯೂತ್ ಕಪ್ ಫೈನಲ್ಲಿನಲ್ಲಿ ಕಾರ್ ಅವರ ಹುಡುಗರು ಕವೆಂಟ್ರಿಯನ್ನು ಎರಡು ಪಂದ್ಯ ಸೇರಿ 9-0ಯಿಂದ ಸೋಲಿಸಿದರು. ಅಲ್ಲಿ ಹೋಗಿ 3-0, ಅಪ್ಟನ್ ಪಾರ್ಕಿನಲ್ಲಿ 6-0. ಹುಡುಗರ ಪಂದ್ಯ ನೋಡಲು ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. ನಾನು ಇದನ್ನು ಬರೀ ಹೊಗಳಿಕೆಗೆ ಹೇಳುತ್ತಿಲ್ಲ. ಆ ತಂಡದಿಂದ ಇಂಗ್ಲೆಂಡಿಗೆ ಆಡಿದವರು ಇಬ್ಬರೇ, ಕೋಲ್ ಮತ್ತು ಕ್ಯಾರಿಕ್. ಉಳಿದವರು ಬೇರೆ ಬೇರೆ ಲೀಗುಗಳಿಗೆ ಹಂಚಿಹೋದರು, ಕೆಲವರು ಲೀಗಿನ ಹೊರಗೂ ಹೋದರು. 9-0ಯಿಂದ ಗೆದ್ದ ತಂಡದ ಗತಿಯೇ ಇದಾದರೆ ಉಳಿದ ವರ್ಷಗಳ ಹುಡುಗರ ಪಾಡು ಏನು? ನನ್ನ ಎದುರಾಳಿಗಳ ಬಳಿ ಇರುವ ಒಂದೇ ಗಟ್ಟಿ ವಾದ ಇದು, ಇದನ್ನು ನಾನು ತಳ್ಳಿಹಾಕುವುದಿಲ್ಲ. ನಾಲ್ಕು ಹೆಸರು ಹೇಳಿ ಕೋಚ್‌ನನ್ನು ಮೆರೆಸುವವರು ಹೆಸರಿಲ್ಲದ ನಾನೂರು ಮಕ್ಕಳನ್ನು ಮರೆಯುತ್ತಾರೆ ಎಂಬ ಮಾತು ನಿಜ.

ಆದರೆ ಗಮನಿಸಿ, ಆ ನಾನೂರರಲ್ಲಿ ಮೊದಲನೆಯವರು ಕಾರ್ ಅವರೇ! ಅಪ್ಟನ್ ಪಾರ್ಕಿನ ಬಾಗಿಲಲ್ಲಿ "ನೀನು ಸಾಲದು" ಎನಿಸಿಕೊಂಡು ಹೊರಬಿದ್ದ ಹುಡುಗ ಅವರು. ಇನ್ನೊಬ್ಬ ಹುಡುಗನಿಗೆ ಅದೇ ಮಾತು ಹೇಳಬೇಕಾಗಿ ಬಂದಾಗ ಅದು ಹೇಗೆ ಚುಚ್ಚುತ್ತದೆ ಎಂದು ಅವರಿಗೆ ತಿಳಿದಿರದೆ ಇದ್ದೀತೇ? ಮೊದಲ ತಂಡದಲ್ಲಿ ಮುನ್ನೂರು ಪಂದ್ಯ ಆಡಿ ಬಂದ ಸ್ಟಾರ್‌ಗೆ ಈ ತಿಳಿವಳಿಕೆ ಎಲ್ಲಿಂದ ಬರಬೇಕು? ಸೋಲು ಎಂದು ನೀವು ಕರೆಯುವುದೇ ಈ ಕೆಲಸಕ್ಕೆ ಅವರ ಅರ್ಹತೆ ಎಂದು ನಾನು ವಾದಿಸುತ್ತೇನೆ.

ಇನ್ನು ದುಡ್ಡಿನ ಮಾತು. 2000ದಲ್ಲಿ ಫರ್ಡಿನಾಂಡ್ ಲೀಡ್ಸ್‌ಗೆ ಹೋದದ್ದು 1 ಕೋಟಿ 80 ಲಕ್ಷ ಪೌಂಡಿಗೆ, ಆಗ ಬ್ರಿಟನ್ನಿನ ದಾಖಲೆ. 2001ರಲ್ಲಿ ಲ್ಯಾಂಪಾರ್ಡ್ ಚೆಲ್ಸಿಗೆ, 1 ಕೋಟಿ 10 ಲಕ್ಷ. 2003ರಲ್ಲಿ ವೆಸ್ಟ್ ಹ್ಯಾಮ್ 42 ಅಂಕ ಗಳಿಸಿಯೂ ಕೆಳಗಿನ ಡಿವಿಜನ್ನಿಗೆ ಇಳಿಯಿತು. ಆಗ ಗ್ಲೆನ್ ಜಾನ್ಸನ್ ಮತ್ತು ಜೋ ಕೋಲ್ ಕೂಡ ಚೆಲ್ಸಿಗೆ ಹೋದರು, ತಲಾ 60 ಲಕ್ಷದ ಆಸುಪಾಸು. ನಾಲ್ವರಿಂದಲೇ 4 ಕೋಟಿ ಪೌಂಡ್ ದಾಟಿತು. ಕ್ಲಬ್ ಬೀಳುವಾಗ ಅದನ್ನು ಹಿಡಿದು ನಿಲ್ಲಿಸಿದ್ದು ಹುಡುಗರ ಮೈದಾನದ ದುಡ್ಡು. ಕಾರ್ ಅವರಿಗೆ 2010ರಲ್ಲಿ ಎಂಬಿಇ ಗೌರವ ಸಿಕ್ಕಿತು, ಅದೇ ವರ್ಷ ಅವರ ಗೌರವಾರ್ಥ ಪಂದ್ಯವೂ ನಡೆಯಿತು. ಒಳ್ಳೆಯದೇ. ಆದರೆ ಮೂವತ್ತೇಳು ವರ್ಷ ಕಾಯಬೇಕಾಯಿತು.

ಇಂಗ್ಲೆಂಡಿನ ದೊಡ್ಡ ಕ್ಲಬ್ಬುಗಳು ಇದರಿಂದ ಕಲಿತ ಪಾಠವೇನು ಗೊತ್ತೇ? ಬೆಳೆಸಿದವರಿಗೆ ಹೆಚ್ಚು ಕೊಡಬೇಕು ಎಂದಲ್ಲ, ಕಡಿಮೆ ಬೆಲೆಗೆ ಬೇಗ ಕಿತ್ತುಕೊಳ್ಳಬೇಕು ಎಂದು! 2011ರ ಅಕ್ಟೋಬರಿನಲ್ಲಿ ಕೆಳಗಿನ ಲೀಗಿನ ಕ್ಲಬ್ಬುಗಳು ಎಲೀಟ್ ಪ್ಲೇಯರ್ ಪರ್ಫಾರ್ಮೆನ್ಸ್ ಪ್ಲಾನ್ ಎಂಬ ಯೋಜನೆಗೆ ಮತ ಹಾಕಿದವು. ಪರ 46, ವಿರೋಧ 22. ಒಪ್ಪದಿದ್ದರೆ ಯುವ ತರಬೇತಿಗೆ ಬರುತ್ತಿದ್ದ ಅನುದಾನ ನಿಲ್ಲುವ ಭಯ ಅವರ ತಲೆಯ ಮೇಲೆ ತೂಗುತ್ತಿತ್ತು. ಆಗಿನ ಆ ಹೊಸ ನಿಯಮದಂತೆ 9ರಿಂದ 11 ವಯಸ್ಸಿನ ಹುಡುಗನನ್ನು ದೊಡ್ಡ ಕ್ಲಬ್ ಕರೆದೊಯ್ದರೆ ಬೆಳೆಸಿದ ಕ್ಲಬ್ಬಿಗೆ ವರ್ಷಕ್ಕೆ 3,000 ಪೌಂಡ್ ಸಿಗುತ್ತಿತ್ತು. ಮೂರು ವರ್ಷ ಕಲಿಸಿದರೆ 9,000. ಹುಡುಗ ಮುಂದೆ ಮೊದಲ ತಂಡಕ್ಕೆ ಬಂದರೆ ಇನ್ನಷ್ಟು ಕಂತು ಬರುತ್ತಿತ್ತು, ನಿಜ. ಆದರೂ ಲೆಕ್ಕ ಹಾಕಿ: ಫರ್ಡಿನಾಂಡ್ ಒಬ್ಬನ ಬೆಲೆಗೆ ಇಂಥ 2,000 ಮಕ್ಕಳನ್ನು ಎತ್ತಿಕೊಂಡು ಹೋಗಬಹುದಿತ್ತು. 2016ರಲ್ಲಿ ಬ್ರೆಂಟ್‌ಫರ್ಡ್ ತನ್ನ ಅಕಾಡೆಮಿಯನ್ನೇ ಮುಚ್ಚಿತು. ಬೆಳೆಸಿದ ಹುಡುಗರನ್ನು ದೊಡ್ಡವರು ಪುಡಿಗಾಸಿಗೆ ಒಯ್ಯುವುದಾದರೆ ಬೆಳೆಸುವುದು ಯಾಕೆ ಎಂಬುದು ಅವರ ಪ್ರಶ್ನೆ. ನಾನು ಆ ನಿರ್ಧಾರವನ್ನು ಮೆಚ್ಚುವುದಿಲ್ಲ, ಮುಚ್ಚಿದಾಗ ಬೀದಿಗೆ ಬಿದ್ದದ್ದು ಮಕ್ಕಳೇ. ಆದರೆ ಪ್ರಶ್ನೆ ಸುಳ್ಳಲ್ಲ.

"ಆಡಲಿಕ್ಕೆ ಆಗದವರು ಕೋಚ್ ಆಗುತ್ತಾರೆ" ಎಂಬ ನಮ್ಮ ಜೋಕಿಗೂ ಈ ಬೆಲೆಪಟ್ಟಿಗೂ ದೂರವಿಲ್ಲ. ಕಲಿಸುವುದು ಎರಡನೇ ದರ್ಜೆಯ ಕೆಲಸ ಎಂದು ಒಮ್ಮೆ ಒಪ್ಪಿಕೊಂಡರೆ ಅದಕ್ಕೆ ವರ್ಷಕ್ಕೆ ಮೂರು ಸಾವಿರವೂ ಜಾಸ್ತಿಯೇ.

ನಮ್ಮ ಮೈದಾನಕ್ಕೂ ಇದೇ ರೋಗ ಬಂದಿದೆ. ಕಾಸರಗೋಡಿನವರಿಗೆ ಸೆವೆನ್ಸ್ ಅಂದರೆ ಊಟ ಬೇಡ. ಟೂರ್ನಮೆಂಟ್ ಬಂತೆಂದರೆ ಹೊರಗಿನಿಂದ ಸ್ಟ್ರೈಕರ್ ತರಿಸಲು ದುಡ್ಡು ಎದ್ದು ಬರುತ್ತದೆ, ಜೆರ್ಸಿಗೆ ಬರುತ್ತದೆ, ಆಳೆತ್ತರದ ಟ್ರೋಫಿಗೆ ಬರುತ್ತದೆ. ಭಾನುವಾರ ಪೂಜೆ ಮುಗಿದ ಮೇಲೆ ಹತ್ತು ಹನ್ನೆರಡರ ಮಕ್ಕಳು ಒಂದು ಹರಿದ ಚೆಂಡಿನ ಹಿಂದೆ ಓಡುತ್ತಿರುತ್ತಾರೆ. ಅವರ ಜೊತೆ ಒಂದು ಗಂಟೆ ನಿಲ್ಲಿ ಎಂದರೆ ನಮ್ಮ ಸೆವೆನ್ಸ್ ವೀರರಿಗೆ ಮುಜುಗರ, ಯಾರಾದರೂ "ಆಟ ಮುಗಿಯಿತಾ ನಿಂದು?" ಎಂದು ಕೇಳಿಯಾರು ಎಂದು. ಕೇಳಲಿ ಬಿಡಿ. ಕ್ಯಾನಿಂಗ್ ಟೌನ್ ಎಂಬ ಬಡ ಬಡಾವಣೆಯ ಮಾರ್ಕ್ ನೋಬಲ್ ಎಂಬ ಹುಡುಗ ಕಾರ್ ಅವರ ಅಕಾಡೆಮಿಯಿಂದ 2004ರಲ್ಲಿ ಮೊದಲ ತಂಡಕ್ಕೆ ಬಂದು, 2022ರಲ್ಲಿ ನಿವೃತ್ತನಾಗುವ ಹೊತ್ತಿಗೆ ವೆಸ್ಟ್ ಹ್ಯಾಮ್‌ಗಾಗಿಯೇ 550 ಪಂದ್ಯ ಆಡಿದ್ದ. ಇಂಗ್ಲೆಂಡ್ ಸೀನಿಯರ್ ತಂಡಕ್ಕೆ ಒಂದು ಪಂದ್ಯವನ್ನೂ ಆಡಲಿಲ್ಲ. ಕೋಟಿಗಳಿಗೆ ಮಾರಾಟವಾಗಲೂ ಇಲ್ಲ. ಆ 550ನ್ನು ನೀವು ಯಾವ ಲೆಕ್ಕಕ್ಕೆ ಬರೆಯುತ್ತೀರಿ?

ಮುಂದಿನ ಕಮಿಟಿ ಸಭೆಯಲ್ಲಿ ಟೂರ್ನಮೆಂಟಿನ ಖರ್ಚಿನ ಪಟ್ಟಿ ಬರುತ್ತದೆ. ಟ್ರೋಫಿಯ ಸಾಲಿಗಿಂತ ಮೇಲೆ ಇನ್ನೊಂದು ಸಾಲು ಬರೆಯಲು ನಾನು ಕೇಳುವವನಿದ್ದೇನೆ: ಮಕ್ಕಳಿಗೆ ಹತ್ತು ಚೆಂಡು, ಮತ್ತು ಪ್ರತಿ ಭಾನುವಾರ ಅವರ ಜೊತೆ ನಿಲ್ಲುವ ಇಬ್ಬರ ಹೆಸರು. ಒಂದು ಹೆಸರು ನನ್ನದು. ಇನ್ನೊಂದು ಜಾಗ ಖಾಲಿ ಇದೆ.