ಸೊಸೈಟಿಗೆ ಊರಿನ ಠೇವಣಿಯೇ ಬಲ

ಜರ್ಮನಿಯ ನಾಯ್‌ವೀಡ್ ಪಟ್ಟಣದೊಳಗೆ ಇಂದು ಬೆರೆತುಹೋಗಿರುವ ಹೆಡೆಸ್‌ಡೋರ್ಫ್ 1864ರಲ್ಲಿ ಪ್ರತ್ಯೇಕ ಊರಾಗಿತ್ತು. ಆ ವರ್ಷ ಅಲ್ಲಿನ ಮೇಯರ್ ಫ್ರೀಡ್ರಿಷ್ ವಿಲ್ಹೆಲ್ಮ್ ರೈಫೈಸನ್ ಕಟ್ಟಿದ ಸಾಲ ಸಂಘದ ಕಥೆಯನ್ನು ನಮ್ಮ ಸಹಕಾರ ಸಂಘಗಳ ನಿರ್ದೇಶಕರು ಒಮ್ಮೆಯಾದರೂ ಓದಬೇಕು.

ರೈಫೈಸನ್ ಶುರು ಮಾಡಿದ್ದು ದಾನದಿಂದ. 1846–47ರ ಚಳಿಗಾಲದಲ್ಲಿ ಬೆಳೆ ಕೈಕೊಟ್ಟು, ಅವರು ಆಗ ಇದ್ದ ವಾಯರ್‌ಬುಷ್ ಸೀಮೆ ಹಸಿವಿನಿಂದ ಕಂಗೆಟ್ಟಿತ್ತು. ಸರ್ಕಾರ ಕಳಿಸಿದ ಹಿಟ್ಟನ್ನು ನಗದಿಗಷ್ಟೇ ಮಾರಬೇಕೆಂಬ ಆದೇಶವಿದ್ದರೂ ಕಾಸಿಲ್ಲದವರಿಗೆ ಅವರು ಕಡ ಕೊಟ್ಟರು. ಅನುಕೂಲಸ್ಥರಿಂದ ಹಣ ಕೂಡಿಸಿ, ಊರೊಟ್ಟಿನ ಒಲೆಯಲ್ಲಿ ಬ್ರೆಡ್ ಬೇಯಿಸಿ ಅಗ್ಗಕ್ಕೆ ಹಂಚಿದರು. ಫ್ಲಾಮರ್ಸ್‌ಫೆಲ್ಡ್‌ಗೆ ಹೋದ ಮೇಲೆ 1849ರಲ್ಲಿ ಇನ್ನೊಂದು ಸಂಘ ಹುಟ್ಟಿತು. ಅದು ಬಡ ರೈತರಿಗೆ ಹಸು ಕೊಡಿಸಿ, ಹಣವನ್ನು ವರ್ಷಗಳ ಕಂತಿನಲ್ಲಿ ತೀರಿಸಿಕೊಳ್ಳುತ್ತಿತ್ತು. ಒಂದು ಹಸುವಿಗಾಗಿ ಬಡ್ಡಿ ವ್ಯಾಪಾರಿಯ ಕೈಗೆ ಸಿಕ್ಕಿ ಹೊಲವನ್ನೇ ಕಳೆದುಕೊಳ್ಳುವ ಭಯ ಆ ಮನೆಗಳಿಂದ ದೂರವಾಯಿತು.

ಎರಡಕ್ಕೂ ಬೆನ್ನಾಗಿದ್ದವರು ಉಳ್ಳವರು. ಅವರ ಔದಾರ್ಯ ಬಹುಕಾಲ ಬಾಳದು ಎಂಬುದು ಹೆಡೆಸ್‌ಡೋರ್ಫ್‌ನಲ್ಲಿ ಮನವರಿಕೆಯಾಯಿತು. 1854ರ ಧರ್ಮಾರ್ಥ ಸಂಘದಲ್ಲಿ ದಾನಿಗಳ ಉತ್ಸಾಹ ಕುಂದಿತು. ಹತ್ತು ವರ್ಷಗಳ ಬಳಿಕ, ಸಾಲ ಬೇಕಾದವರೇ ಸದಸ್ಯರಾಗುವ ಹೊಸ ಸಂಘ ಬಂತು.

ರೈಫೈಸನ್‌ರ ನಿಜವಾದ ಸಾಧನೆ ಈ ತಿರುವು. ಅವರು ರೂಪಿಸಿದ ಮಾದರಿಯಲ್ಲಿ ಸಂಘದ ವ್ಯಾಪ್ತಿ ಚಿಕ್ಕದು, ಯಾರ ಮನೆಯ ಸ್ಥಿತಿ ಏನೆಂದು ಎಲ್ಲರಿಗೂ ಗೊತ್ತು. ಆಡಳಿತ ಮಂಡಳಿಗೆ ಸಂಬಳವಿಲ್ಲ, ಲಾಭ ಮೀಸಲು ನಿಧಿಗೆ. ಸಂಘ ಮುಳುಗಿದರೆ ಪ್ರತಿ ಸದಸ್ಯನೂ ತನ್ನ ಸ್ವಂತ ಆಸ್ತಿಯಿಂದ ಹೊಣೆ ಹೊರಬೇಕು. ಹಾಗಾಗಿ ಹಸುವಿನ ಹೆಸರಲ್ಲಿ ಪಡೆದ ಸಾಲದಿಂದ ಕೊಟ್ಟಿಗೆಗೆ ಹಸು ಬಂತೇ ಎಂದು ಪಕ್ಕದ ಮನೆಯವನೇ ಕೇಳುತ್ತಿದ್ದ.

1890ರ ದಶಕದಲ್ಲಿ ಮದ್ರಾಸ್ ಸರ್ಕಾರಕ್ಕೆ ವರದಿ ಕೊಟ್ಟ ಫ್ರೆಡರಿಕ್ ನಿಕೋಲ್ಸನ್ ಈ ಮಾದರಿಯನ್ನೇ ಬಲವಾಗಿ ಶಿಫಾರಸು ಮಾಡಿದರು. 1904ರಲ್ಲಿ ಸಹಕಾರ ಕಾಯ್ದೆ ಬಂತು. ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು.

ಅಂಥ ಹಿನ್ನೆಲೆಯ ನಾಡಿನಲ್ಲಿ ಎಷ್ಟೋ ಸೊಸೈಟಿಗಳು ಇಂದು ಡಿಸಿಸಿ ಬ್ಯಾಂಕಿನ ಹಣವನ್ನು ರೈತರಿಗೆ ದಾಟಿಸುವ ಕೌಂಟರ್‌ಗಳಾಗಿವೆ. ಬರ ಬಿದ್ದಾಗ ಸಾಲ ಮನ್ನಾ ಬೇಕೇ ಬೇಕಾದ ರೈತರಿದ್ದಾರೆ, ನಿಜ. ಆದರೆ ಸದಸ್ಯರ ಠೇವಣಿಯೇ ಇಲ್ಲದ ಸಂಘದಲ್ಲಿ ಬಾಕಿ ಉಳಿದರೆ ಊರಲ್ಲಿ ಯಾರಿಗೂ ಚುರುಕು ಮುಟ್ಟುವುದಿಲ್ಲ. ಆಸ್ತಿಯ ಹೊಣೆಯಂಥ ಕಠಿಣ ನಿಯಮ ಈಗ ಬೇಕಿಲ್ಲ. ಸಾಲದ ಒಂದು ಪಾಲಾದರೂ ಊರಿನವರ ಠೇವಣಿಯಿಂದಲೇ ಬರಲಿ. ವಾರ್ಷಿಕ ಮಹಾಸಭೆಯಲ್ಲಿ ಸುಸ್ತಿದಾರರ ಪಟ್ಟಿಯನ್ನು ಓದಲಿ, ಅದೂ ನಿರ್ದೇಶಕರ ಖಾತೆಗಳಿಂದಲೇ ಶುರುಮಾಡಿ.